ಬಾಗಿಲಾಚೆ ನಿಂತ ಬ್ಲಾನಿಡ್

ಪೀಲ್ ಊರಿನಲ್ಲಿ ಬ್ಲಾನಿಡ್ ಸ್ಕಿಲ್ಲಿಕಾರ್ನ್ ಅವರ ಸಲೂನಿನ ಕುರ್ಚಿಯಲ್ಲಿ ಯಾರೇ ಕೂರಲಿ, ಮೊದಲ ಪ್ರಶ್ನೆ ನಮ್ಮ ದ್ವೀಪದ ಹಳೆಯ ಭಾಷೆಯಾದ ಮ್ಯಾಂಕ್ಸಿನಲ್ಲೇ ಬರುತ್ತದೆ. ಎಷ್ಟು ಗಿಡ್ಡ ಮಾಡಲಿ, ಅಮ್ಮನ ಮಂಡಿನೋವು ಹೇಗಿದೆ, ದೋಣಿಗೆ ಮೀನು ಸಿಕ್ಕಿತೇ. ಉತ್ತರ ಇಂಗ್ಲಿಷಿನಲ್ಲಿ ಬಂದರೆ ಅವರು ಬೇಸರಪಟ್ಟುಕೊಳ್ಳುವುದಿಲ್ಲ. ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಮ್ಯಾಂಕ್ಸಿನಲ್ಲೇ ಕೇಳುತ್ತಾರೆ, ಈ ಸಲ ಸ್ವಲ್ಪ ನಿಧಾನವಾಗಿ, ಕತ್ತರಿಯನ್ನು ಕಿವಿಯ ಹತ್ತಿರಕ್ಕೆ ತಂದು. ಕಿವಿ ಉಳಿಸಿಕೊಳ್ಳುವುದಕ್ಕಾಗಿ ಭಾಷೆ ಕಲಿತೆವು ಎಂದು ಬಂದರಿನ ಗಂಡಸರು ಈಗಲೂ ತಮಾಷೆ ಮಾಡುತ್ತಾರೆ.

ನಾನು ಆ ಕುರ್ಚಿಯಲ್ಲಿ ಮೊದಲು ಕೂತಾಗ ಶಾಲೆಯ ಹುಡುಗಿ. ಸ್ನಾನದ ಮನೆಯಲ್ಲಿ ನಾನೇ ಬಣ್ಣ ಬಳಿದುಕೊಂಡು ತಲೆಯನ್ನು ಪಾಚಿ ಹಿಡಿದ ಕಲ್ಲಿನ ಹಾಗೆ ಮಾಡಿಕೊಂಡಿದ್ದೆ. ಅಮ್ಮ ಎಳೆದುಕೊಂಡು ಬಂದು ಕೂರಿಸಿದ್ದರು. ಬ್ಲಾನಿಡ್ ಏನೋ ಕೇಳಿದರು.

"ನಂಗೆ ಮ್ಯಾಂಕ್ಸ್ ಬರಲ್ಲ" ಎಂದೆ.

"ಹಸಿರು ಬಣ್ಣ ಇಷ್ಟಾನಾ ಅಂತ ಕೇಳ್ದೆ ಕಣೇ. ತಲೆ ನೋಡಿದ್ರೆ ಉತ್ತರ ಗೊತ್ತಾಗತ್ತೆ, ಬಿಡು."

ಹಸಿರಿಗೆ ನಮ್ಮ ಭಾಷೆಯಲ್ಲಿ ಏನನ್ನುತ್ತಾರೆ ಎಂದು ಅವತ್ತೇ ಕಲಿತೆ. ಬಣ್ಣ ಹೋಗಲು ಇಡೀ ಬೇಸಿಗೆ ಹಿಡಿಯಿತು.

ಬ್ಲಾನಿಡ್‌ಗೆ ಈಗ ಅರವತ್ತು ದಾಟಿದೆ. ಕುಳ್ಳಗಿನ ಗಟ್ಟಿ ಆಳು. ಊರಿನ ಅರ್ಧ ತಲೆಗಳನ್ನು ಚೆಂದಗಾಣಿಸುವ ಇವರ ಸ್ವಂತ ತಲೆ ಮಾತ್ರ ಕಡಲಗಾಳಿಗೆ ಸಿಕ್ಕ ಪೊದೆ, ಏಕೆಂದರೆ ಕನ್ನಡಿ ನೋಡಿಕೊಂಡು ತಾವೇ ಕತ್ತರಿಸಿಕೊಳ್ಳುತ್ತಾರೆ. ಮದುವೆಯಾಗಿಲ್ಲ. ಯಾಕೆ ಎಂದು ಕೇಳಿದವರಿಗೆ, "ಕೇಳಿದವನು ಇಂಗ್ಲಿಷಲ್ಲಿ ಕೇಳಿದ" ಎನ್ನುತ್ತಾರೆ. ಇದು ನಿಜವೋ ಸುಳ್ಳೋ ಇಂದಿಗೂ ಯಾರಿಗೂ ಗೊತ್ತಿಲ್ಲ.

ಅವರ ಅಜ್ಜಿ ಡಾಲ್ಬಿ ಹಳ್ಳಿಯ ಇಳಿಜಾರಿನಲ್ಲಿ ಕೋಳಿ ಸಾಕಿಕೊಂಡಿದ್ದವರು. ತಮ್ಮ ಅಜ್ಜಿಯಿಂದ ಬಂದ ಒಂದಷ್ಟು ಮ್ಯಾಂಕ್ಸ್ ಅವರಲ್ಲಿತ್ತು, ಪೂರ್ತಿ ಭಾಷೆಯಲ್ಲ, ಚೂರುಪಾರು. ಆ ಚೂರುಗಳನ್ನು ಮನುಷ್ಯರ ಮುಂದೆ ಬಾಯಿಗೆ ತರುತ್ತಿರಲಿಲ್ಲ. ಅದು ಬಡವರ ಮಾತು, ಪೇಟೆಯಲ್ಲಿ ಆಡಿದರೆ ಜನ ನಗುವ ಮಾತು ಎಂದು ಆ ಕಾಲದವರಿಗೆ ನಾಚಿಕೆ ಕಲಿಸಿಟ್ಟಿದ್ದರು. ಹಾಗಾಗಿ ಕೋಳಿಗೂಡಿಗೆ ಹೋಗಿ ಕೋಳಿಗಳ ಜೊತೆ ಆಡುತ್ತಿದ್ದರು. ಬನ್ನಿ, ತಿನ್ನಿ, ಮಲಗಿ, ಎಲ್ಲಿಟ್ಟೆಯೇ ಮೊಟ್ಟೆ, ಕಳ್ಳಿ. ಪುಟ್ಟ ಬ್ಲಾನಿಡ್ ಹಲಗೆಯ ಸಂದಿನಿಂದ ಇದನ್ನು ಕೇಳಿ, ಇದು ಕೋಳಿಗಳ ಭಾಷೆ ಎಂದೇ ತಿಳಿದಿದ್ದರಂತೆ. ಮುಂದೆ ಶಾಲೆಯಲ್ಲಿ ಮೇಷ್ಟ್ರೊಬ್ಬರು ಒಂದು ಹಳೆಯ ಪ್ರಾರ್ಥನೆಯನ್ನು ಮ್ಯಾಂಕ್ಸಿನಲ್ಲಿ ಓದಿ ತೋರಿಸಿದಾಗ ಎದ್ದು ನಿಂತು, "ಮೇಷ್ಟ್ರೇ, ನಿಮ್ಮನೇಲೂ ಕೋಳಿ ಇದಾವಾ?" ಎಂದು ಕೇಳಿದರು. ತರಗತಿಯೆಲ್ಲ ನಕ್ಕಿತು. ಅದು ತನ್ನ ದ್ವೀಪದ ಭಾಷೆಯೇ ಎಂದು ಗೊತ್ತಾಗಿ, ಓಡಿ ಬಂದು ಅಜ್ಜಿಯನ್ನು ಕೇಳಿದರೆ ಅಜ್ಜಿ ಗೂಡಿನ ಬಾಗಿಲು ಮುಚ್ಚಿ, ಹೋಗಿ ಲೆಕ್ಕ ಮಾಡು ಎಂದರು.

"ಸಿಟ್ಟು ಬಂದಿದ್ದು ಅಜ್ಜಿ ಮೇಲಲ್ಲ ಕಣೇ ಕ್ರೀನಾ" ಎಂದು ಬ್ಲಾನಿಡ್ ಒಮ್ಮೆ ನನ್ನ ತಲೆಗೆ ನೀರು ಹಾಕುತ್ತ ಹೇಳಿದ್ದರು. "ಅವಳು ಬಾಗಿಲು ಮುಚ್ಚೋ ಹಾಗೆ ಮಾಡಿದೋರ ಮೇಲೆ. ಆ ಸಿಟ್ಟು ಇನ್ನೂ ಖರ್ಚಾಗಿಲ್ಲ."

ಹರೆಯದಲ್ಲಿ ಅವರು ಪಬ್ಬಿನ ಹಿಂದಿನ ಕೋಣೆಯ ಸಂಜೆ ಪಾಠಕ್ಕೆ ಹೋಗಿ ಭಾಷೆ ಕಲಿತರು. ಅಲ್ಲಿದ್ದವರೆಲ್ಲ ಮುದುಕರು. ಎಳೆಯರೆಂದರೆ ಇಬ್ಬರೇ, ಬ್ಲಾನಿಡ್ ಮತ್ತು ಅವರ ಸಹಪಾಠಿ ಓರಿ ಕ್ಯಾರನ್. ಓರಿ ಒಂದು ಚಳಿಗಾಲ ಬಂದು, ರಾಜಧಾನಿ ಡಗ್ಲಸ್ಸಿನಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿದ ಮೇಲೆ ಬಿಟ್ಟರು. ಈಗ ನಿವೃತ್ತರಾಗಿ, ನಮ್ಮ ಮೇಲಿನ ಬೀದಿಯ ಹಳೆಯ ಪ್ರಾರ್ಥನಾಲಯದ ಪಕ್ಕದ ಸಭಾಭವನದ ಸಮಿತಿಗೆ ಅಧ್ಯಕ್ಷರಾಗಿದ್ದಾರೆ.

ಆ ಸಭಾಭವನದಲ್ಲೇ ಬ್ಲಾನಿಡ್ ವರ್ಷಗಳಿಂದ ಮಕ್ಕಳ ಕೂಟ ನಡೆಸುತ್ತಿದ್ದದ್ದು. ಬುಧವಾರ ಮತ್ತು ಶುಕ್ರವಾರ ಬೆಳಿಗ್ಗೆ ಸಲೂನಿಗೆ ಬೀಗ. ಇನ್ನೂ ಶಾಲೆಗೆ ಹೋಗದ ಮಕ್ಕಳು, ಅವರ ಅಮ್ಮಂದಿರು, ಕೆಲವು ಅಪ್ಪಂದಿರು. ಮಗುವನ್ನು ಬಿಟ್ಟು ಹೋಗುವ ಜಾಗವಲ್ಲ ಅದು, ದೊಡ್ಡವರೂ ನೆಲದ ಮೇಲೆ ಕೂರಬೇಕು, ಆದ್ದರಿಂದ ಪರವಾನಗಿಯ ತಲೆನೋವಿರಲಿಲ್ಲ. ಹಾಡು, ಜಗಳ, ಅಳು, ಬೆಣ್ಣೆ ಸವರಿದ ಬೊನ್ನಾಗ್ ರೊಟ್ಟಿ. ಒಂದೇ ಕಟ್ಟಳೆ, ಒಳಗೆ ಕಾಲಿಟ್ಟ ಮೇಲೆ ಮ್ಯಾಂಕ್ಸ್ ಮಾತ್ರ. ಬಾರದವರು ಕೈಸನ್ನೆ ಮಾಡಬಹುದು. ನನ್ನ ಗಂಡ ಜುವಾನ್ ಒಮ್ಮೆ ರಜೆ ಹಾಕಿ ಬಂದು, ಟೀ ಬೇಕೆಂದು ಹೇಳಲು ಒಂದು ಕೈ ಸೊಂಟಕ್ಕೂ ಒಂದು ಕೈ ಗಾಳಿಗೂ ಕೊಟ್ಟು ಟೀ ಪಾತ್ರೆಯಾಗಿ ನಿಂತಿದ್ದ. ಬ್ಲಾನಿಡ್ ಅವನಿಗೆ ಟೀ ಕೊಡಲಿಲ್ಲ, ಪದ ಕೊಟ್ಟರು. ಪದ ಹೇಳಿದ ಮೇಲೆ ಟೀ ಕೊಟ್ಟರು.

ನನ್ನ ಮಗಳು ಆಲಿನ್‌ಗೆ ಎರಡು ತುಂಬಿದೆ. ನಾನು ದೊಡ್ಡವಳಾದ ಮೇಲೆ ಕಲಿತವಳು, ನನ್ನ ಮ್ಯಾಂಕ್ಸ್ ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿಬಿಡುತ್ತದೆ. ಮನೆಯಲ್ಲಿ ನಾನೊಬ್ಬಳೇ ಆಡಿದರೆ ಮಗುವಿಗೆ ಅದು ಭಾಷೆಯಾಗಿ ಕಾಣುವುದಿಲ್ಲ, ಅಮ್ಮನ ಚಾಳಿಯಾಗಿ ಕಾಣುತ್ತದೆ. ಎಷ್ಟೋ ತಿಂಗಳು ನಾನು ಹಾಲಿನ ಲೋಟ ಹಿಡಿದು "ಬಾನ್ಯ, ಬಾನ್ಯ" ಎನ್ನುತ್ತಿದ್ದೆ, ಅವಳು ನನ್ನನ್ನು ಕನಿಕರದಿಂದ ನೋಡುತ್ತಿದ್ದಳು. ಕೂಟದಲ್ಲಿ ಬೇರೆ ಮಕ್ಕಳೂ ಅದೇ ಪದ ಹೇಳಿ ಹಾಲು ಪಡೆಯುವುದನ್ನು ಕಂಡ ದಿನ ಮನೆಗೆ ಬಂದು ಫ್ರಿಜ್ಜಿನ ಮುಂದೆ ನಿಂತು, "ಬಾನ್ಯ" ಎಂದಳು. ನಾನು ಹಾಲು ಚೆಲ್ಲಿದೆ. ನಾಲ್ಕು ವರ್ಷಕ್ಕೆ ಅವಳನ್ನು ಸೇಂಟ್ ಜಾನ್ಸ್ ಊರಿನ ಮ್ಯಾಂಕ್ಸ್ ಶಾಲೆಗೆ ಸೇರಿಸುವ ಆಸೆ ನನ್ನದು. ಅಲ್ಲಿಯವರೆಗೆ ಈ ಭಾಷೆ ಅವಳ ಬಾಯಲ್ಲಿ ಉಳಿಯಬೇಕಾದರೆ ವಾರದಲ್ಲಿ ಆ ಎರಡು ಬೆಳಗು ಬೇಕೇ ಬೇಕಿತ್ತು.

ಕ್ರಿಸ್‌ಮಸ್ ಕಳೆದು ಜನವರಿಯಲ್ಲಿ ಆಲಿನ್‌ಳ ಮೊದಲ ಕೂದಲು ತೆಗೆಸಲು ಸಲೂನಿಗೆ ಹೋದಾಗ ಕುರ್ಚಿಯಲ್ಲಿ ಓರಿ ಕೂತಿದ್ದರು. ನಾವು ಬೆಂಚಿನ ಮೇಲೆ ಕಾದೆವು.

"ಬ್ಲಾನಿಡ್, ಒಂದ್ ವಿಷ್ಯ ಹೇಳ್ಬೇಕು. ಸಿಟ್ಟು ಮಾಡ್ಕೋಬಾರ್ದು."

"ಕುತ್ತಿಗೆಗೆ ಬಟ್ಟೆ ಕಟ್ಟಿಸ್ಕೊಂಡು, ನನ್ ಕೈಲಿ ಕತ್ತರಿ ಇರೋವಾಗ ಹೇಳ್ತಿದೀಯ. ಧೈರ್ಯ ಇದೆ ಬಿಡು ನಿಂಗೆ."

"ಸಭಾಭವನ ಇನ್ಮೇಲೆ ಸಿಗಲ್ಲ. ಡಗ್ಲಸ್ಸಿಂದ ಒಂದು ವ್ಯಾಯಾಮದ ಕಂಪನಿ ಬಂದಿದೆ, ವಾರ ಪೂರ್ತಿ ಅವ್ರೇ ತಗೋತಾರೆ. ಈ ತಿಂಗಳು ಮುಗಿಯೋ ತನಕ ನಿಮ್ದು."

ಕತ್ತರಿಯ ಸದ್ದು ನಿಲ್ಲಲಿಲ್ಲ. ಓರಿ ಕನ್ನಡಿಯೊಳಗಿಂದ ಅವರ ಮುಖವನ್ನೇ ನೋಡುತ್ತಿದ್ದರು.

"ಭಾಷೆ ಬೇಡ ಅಂತ ನಾನ್ ಹೇಳ್ತಿಲ್ಲ ಮಾರಾಯ್ತಿ. ಜುಲೈಲಿ ದ್ವೀಪದ ಹಬ್ಬಕ್ಕೆ ಬ್ಯಾನರ್ ಕಟ್ಟೋಣ, ಮಕ್ಕಳ ಕೈಲಿ ಹಾಡ್ಸೋಣ, ನಾನೇ ಮುಂದೆ ನಿಂತು ಚಪ್ಪಾಳೆ ಹೊಡೀತೀನಿ. ಆದ್ರೆ ಎರಡು ವರ್ಷದ ಕೂಸುಗಳಿಗೆ ಬುಧವಾರ ಬೆಳಿಗ್ಗೆ ಯಾಕೆ, ಹೇಳು."

"ಬುಧವಾರ ಬೆಳಿಗ್ಗೆ ಅವಕ್ಕೆ ಹಸಿವಾಗತ್ತೆ ಕಣೋ. ಮೂಗು ಸುರಿಯತ್ತೆ. ಪಕ್ಕದ ಮಗು ಆಟದ ಕಾರು ಕಿತ್ಕೊಳತ್ತೆ. ಭಾಷೆ ಬೇಕಾಗೋದು ಆವಾಗ. ಜುಲೈ ಹಬ್ಬದಲ್ಲಿ ಅಲ್ಲ."

"ಮತ್ತೆ ಎಲ್ಲಿಗೆ ಹೋಗ್ತೀರ?"

"ತಲೆ ಅಲ್ಲಾಡಿಸ್ಬೇಡ."

ಬ್ಲಾನಿಡ್ ಓರಿಯ ಹಿಂಗತ್ತಿನ ಕೂದಲು ಸರಿಮಾಡುತ್ತ ಮ್ಯಾಂಕ್ಸಿನಲ್ಲಿ ಮೆಲ್ಲಗೆ ಕೇಳಿದರು, ಒಂದು ಚಳಿಗಾಲ ನನ್ನ ಪಕ್ಕದಲ್ಲಿ ಕೂತು ಕಲಿತೆಯಲ್ಲ ಓರಿ, ಅದೆಲ್ಲ ಎಲ್ಲಿ ಹೋಯಿತು. ಓರಿಯ ಕತ್ತು ಕೆಂಪಾಯಿತು. "ಗೊತ್ತಿಲ್ಲ" ಎಂದರು. ಮ್ಯಾಂಕ್ಸಿನಲ್ಲೇ ಎಂದರು. ಅದು ಬಾಯಿಂದ ಬಂದದ್ದಕ್ಕೆ ಅವರಿಗೇ ಮುಜುಗರವಾಗಿ, ಎದ್ದು ಕೋಟು ಹಾಕಿಕೊಂಡು ಹೊರಟರು.

ಅವರ ಕೂದಲನ್ನು ಬ್ಲಾನಿಡ್ ಬಹಳ ಚೆನ್ನಾಗಿಯೇ ಕತ್ತರಿಸಿದ್ದರು. "ನಾನಾಗಿದ್ರೆ ಇಲಿ ಕಡಿದ ಹಾಗೆ ಮಾಡಿ ಕಳಿಸ್ತಿದ್ದೆ" ಎಂದೆ. ನಾನು ಇಲಿ ಎಂದದ್ದಕ್ಕೆ ಅವರು ತಟ್ಟನೆ ಮರದ ಬಾಗಿಲು ಮುಟ್ಟಿದರು. ಆ ಪ್ರಾಣಿಯ ಹೆಸರನ್ನು ನಮ್ಮ ದ್ವೀಪದಲ್ಲಿ ಬಾಯಿಬಿಟ್ಟು ಹೇಳಬಾರದು, ಉದ್ದಬಾಲದವನು ಎನ್ನಬೇಕು. "ತಲೆ ಅವನ್ದು, ಕೆಡೋ ಹೆಸರು ನಂದು" ಎಂದರು ಬ್ಲಾನಿಡ್. "ಎತ್ತಿ ಕೂರ್ಸು ಮಗೂನ."

ಆ ತಿಂಗಳೆಲ್ಲ ನಾವು ಜಾಗ ಹುಡುಕಿದೆವು. ಆಟದ ಕ್ಲಬ್ಬಿನ ಕೋಣೆಯಲ್ಲಿ ಹೀಟರ್ ಇಲ್ಲ. ಪಬ್ಬಿನ ಹಿಂದಿನ ಕೋಣೆ ಈಗ ಉಗ್ರಾಣ. ಸಲೂನಿನಲ್ಲೇ ಮಾಡೋಣವೆಂದರೆ ಕೈಗೆಟುಕುವಲ್ಲೆಲ್ಲ ಬಣ್ಣ, ಕತ್ತರಿ, ಔಷಧಿ. ಓರಿ ಒಂದು ದಾರಿ ಹೇಳಿ ಕಳಿಸಿದರು. ತಿಂಗಳಿಗೊಮ್ಮೆ ಊರಿನ ಓದುಕೋಣೆಯ ಮೂಲೆ ಕೊಡಿಸುತ್ತಾರಂತೆ, ಫೋಟೋ ತೆಗೆಯುವವರನ್ನೂ ಕರೆಸುತ್ತಾರಂತೆ, ದ್ವೀಪಕ್ಕೆಲ್ಲ ಗೊತ್ತಾಗುತ್ತದಂತೆ.

ರೊವೆನಾ ಅದಕ್ಕೆ ಒಪ್ಪೋಣ ಎಂದಳು. ಅವಳು ಫಿಲಿಪ್ಪೀನ್ಸಿನಿಂದ ಬಂದ ನರ್ಸು, ಅವಳ ಮಗ ಕೂಟದಲ್ಲಿ ಎಲ್ಲರಿಗಿಂತ ಜೋರಾಗಿ ಹಾಡುವವನು. "ಪೂರ್ತಿ ಹೋಗೋದಕ್ಕಿಂತ ಇದು ವಾಸಿ ಅಲ್ವಾ ಬ್ಲಾನಿಡ್?" ಎಂದಳು. ನನಗೂ ಹಾಗೇ ಅನ್ನಿಸತೊಡಗಿತ್ತು.

"ತಿಂಗಳಿಗೊಂದ್ ಸಲ ಹಾಲು ಕುಡಿಸಿ ಯಾರಾದ್ರೂ ಮಗು ಸಾಕ್ತಾರಾ?" ಎಂದರು ಬ್ಲಾನಿಡ್. "ಫೋಟೋ ಚೆನ್ನಾಗಿ ಬರತ್ತೆ. ಮಗು ಬದುಕಲ್ಲ."

ಮತ್ತೆ ಯಾರೂ ಆ ಮಾತೆತ್ತಲಿಲ್ಲ. ಆದರೆ ಜಾಗವೂ ಸಿಗಲಿಲ್ಲ.

ಜನವರಿಯ ಕೊನೆಯ ದಿನ ಶುಕ್ರವಾರ ಬಿದ್ದಿತ್ತು. ಮಾರನೆಯ ದಿನ ಬ್ರೀಷಿ ಎಂಬ ಸಂತಳ ದಿನ. ಅದರ ಹಿಂದಿನ ರಾತ್ರಿ ಹಸಿ ಜೊಂಡು ಹುಲ್ಲಿನ ಕಟ್ಟು ಹಿಡಿದು ಮನೆಯ ಹೊಸಿಲ ಮೇಲೆ ನಿಂತು, ಹೊರಗಿನ ಕತ್ತಲಿಗೆ ಮುಖ ಮಾಡಿ ಅವಳ ಹೆಸರು ಕರೆಯಬೇಕು. ಇವತ್ತು ನಮ್ಮ ಮನೆಗೆ ಬಾ ಎನ್ನಬೇಕು. ಆಮೇಲೆ ಹುಲ್ಲನ್ನು ನೆಲಕ್ಕೆ ಹಾಸಿ ಅವಳಿಗೆ ಹಾಸಿಗೆ ಮಾಡಬೇಕು. ಕೂಟದಲ್ಲಿ ಮಕ್ಕಳಿಗಾಗಿ ಇದನ್ನು ಬೆಳಿಗ್ಗೆಯೇ ಮಾಡುತ್ತಿದ್ದೆವು. ಭವನದಲ್ಲಿ ನಮ್ಮ ಕೊನೆಯ ಬೆಳಗು ಅದೇ ಆಗಿದ್ದರಿಂದ, ಬ್ಲಾನಿಡ್ ಈ ಸಲ ಎಂದಿಗಿಂತ ದೊಡ್ಡ ಕಟ್ಟು ಬೇಕೆಂದರು.

ಗುರುವಾರ ನಾನು, ರೊವೆನಾ, ಬ್ಲಾನಿಡ್ ನೆಬ್ ಹೊಳೆಯ ಪಕ್ಕದ ಜೌಗಿಗೆ ಹೋದೆವು. ಆಲಿನ್ ನನ್ನ ಬೆನ್ನ ಜೋಳಿಗೆಯಲ್ಲಿದ್ದಳು. ಕೆಸರು ಬೂಟಿನ ಅಂಚಿನವರೆಗೆ ಬರುತ್ತಿತ್ತು.

"ನನ್ನಜ್ಜಿ ಭಾಷೆ ನಮ್ ಶಾಲೇಲಿ ಆಡಿದ್ರೆ ದಂಡ ಹಾಕ್ತಿದ್ರು" ಎಂದಳು ರೊವೆನಾ, ಹುಲ್ಲು ಕೀಳುತ್ತ. "ಇಲ್ಲಿ ಬಂದು ನನ್ ಮಗ ಇನ್ಯಾರದೋ ಅಜ್ಜಿ ಭಾಷೆ ಕಲೀತಿದಾನೆ. ಅದಕ್ಕೋಸ್ಕರ ನಾನು ಕೆಸರಲ್ಲಿ ನಿಂತಿದೀನಿ. ನಮ್ಮಮ್ಮಂಗೆ ಹೇಳಿದ್ರೆ ನಂಬಲ್ಲ."

"ನಿನ್ ಅಜ್ಜಿ ಭಾಷೇನೂ ಕಲ್ಸು. ತಲೇಲಿ ಜಾಗಕ್ಕೇನು ಬರ" ಎಂದರು ಬ್ಲಾನಿಡ್. "ಬೂಟ್ ಎಲ್ಲೇ ನಿಂದು?"

ಬೂಟು ಕೆಸರಿನಲ್ಲಿ ಉಳಿದಿತ್ತು. ಅದನ್ನು ಕೀಳುವುದರಲ್ಲಿ ಮೂವರೂ ಬಿದ್ದೆವು. ಬೆನ್ನ ಮೇಲಿನ ಆಲಿನ್ ಇನ್ನೊಮ್ಮೆ ಬೀಳಿ ಎಂಬಂತೆ ಕೇಕೆ ಹಾಕಿದಳು.

ಶುಕ್ರವಾರ ಬೆಳಿಗ್ಗೆ ನಾವೆಲ್ಲ ಹುಲ್ಲು ಹೊತ್ತು, ತಳ್ಳುಗಾಡಿಗಳನ್ನು ತಳ್ಳಿಕೊಂಡು ಭವನಕ್ಕೆ ಬಂದರೆ ಬಾಗಿಲಲ್ಲಿ ಓರಿ ನಿಂತಿದ್ದರು. ಒಳಗಿಂದ ಹೊಸ ಪಾಲಿಶಿನ ವಾಸನೆ. ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಬನ್ನಿ ಬನ್ನಿ. ಬೂಟು ಮಾತ್ರ ಹೊರಗಡೆ ಬಿಚ್ಚಿ. ಹುಲ್ಲು ಒಳಗೆ ಬೇಡ, ನೆಲ ಮೊನ್ನೆ ತಾನೇ ಮಾಡ್ಸಿದ್ದು. ಸೋಮವಾರ ವ್ಯಾಯಾಮದವ್ರು ಬರ್ತಾರೆ. ಮಕ್ಕಳಿಗೆ ಕೇಕ್ ತರ್ಸಿದೀನಿ."

ಬ್ಲಾನಿಡ್ ಹೊಸಿಲ ಈಚೆಯೇ ನಿಂತು ಒಳಗೆ ಇಣುಕಿದರು. "ಚೆನ್ನಾಗಿ ಮಾಡ್ಸಿದೀಯ ನೆಲ."

"ಅಲ್ವಾ?"

"ಬ್ರೀಷಿ ಬಂದ್ರೆ ಏನ್ ಹೇಳ್ಲಿ? ಬೂಟ್ ಬಿಚ್ಚಿ ಬಾರಮ್ಮ ಅನ್ಲಾ?"

"ಹಠ ಮಾಡ್ಬೇಡ ಬ್ಲಾನಿಡ್. ಒಂದ್ ಹೊರೆ ಹುಲ್ಲು, ಅಷ್ಟೇ."

"ಹೂಂ. ಆವತ್ತು ಎರಡು ಬೆಳಿಗ್ಗೆ, ಅಷ್ಟೇ. ಇವತ್ತು ಒಂದ್ ಹೊರೆ ಹುಲ್ಲು, ಅಷ್ಟೇ. ನಮ್ಮಜ್ಜಿಗೂ ಹೀಗೇ ಹೇಳಿದ್ರು ಕಣೋ. ಪೇಟೇಲಿ ಬೇಡ, ಅಷ್ಟೇ. ಶಾಲೇಲಿ ಬೇಡ, ಅಷ್ಟೇ. ಕೊನೆಗೆ ಕೋಳಿಗೂಡು ಉಳೀತು."

"ನಾನ್ ನಿಮ್ಮನ್ನ ಹೊರಗೆ ಹಾಕ್ತಿಲ್ಲ. ಒಳಗೆ ಕರೀತಿದೀನಿ."

"ಹುಲ್ಲು ಬಿಟ್ಟು ಬಾ ಅಂತ ಕರೀತಿದೀಯ. ಕೇಕ್ ನೀನೇ ತಿನ್ನು ಓರಿ."

ನಮ್ಮ ಕಡೆ ತಿರುಗಿ ಮ್ಯಾಂಕ್ಸಿನಲ್ಲಿ ಹೇಳಿದರು, ಮಕ್ಕಳಿಗೂ ಅರ್ಥವಾಗುವಷ್ಟು ಸರಳವಾಗಿ. ಇಷ್ಟು ವರ್ಷ ನಾವು ಒಳಗೆ ನಿಂತು ಹೊರಗಿನವಳನ್ನು ಕರೆದೆವು. ಇವತ್ತು ನಾವೇ ಹೊರಗಿದ್ದೇವೆ. ನಡೆಯಿರಿ, ನಮ್ಮನ್ನು ಯಾರು ಕರೆಯುತ್ತಾರೆ ನೋಡೋಣ.

ಮಳೆ ಹನಿಯತೊಡಗಿತ್ತು, ಕಡಲ ಕಡೆಯಿಂದ ಗಾಳಿ. ಆಲಿನ್‌ಗೆ ಹಿಂದಿನ ವಾರವಷ್ಟೇ ಕೆಮ್ಮು ಬಿಟ್ಟಿತ್ತು. ಒಳಗೆ ಹೀಟರ್ ಇತ್ತು, ಕೇಕ್ ಇತ್ತು. ಒಂದು ಕ್ಷಣ ಹಿಂದೆ ನೋಡಿದೆ. ಆಮೇಲೆ ಅವಳ ಟೋಪಿಯನ್ನು ಕಿವಿಯ ಮೇಲೆ ಎಳೆದು ಗಾಡಿ ತಿರುಗಿಸಿದೆ.

ಮೇಲಿನ ಬೀದಿಯಲ್ಲಿ ನಮ್ಮ ಮೆರವಣಿಗೆ ಇಳಿಯಿತು. ಪ್ರತಿ ಮಗುವಿನ ಕೈಯಲ್ಲೂ ಒಂದೊಂದು ಹಿಡಿ ಹುಲ್ಲು. ಬಾಗಿಲ ಮುಂದೆ ನಿಂತು ಬ್ಲಾನಿಡ್ ಕರೆ ಹಾಕುವುದು, ಮಕ್ಕಳು ದನಿಗೂಡಿಸುವುದು. ಮೊದಲ ಮನೆ ಪ್ರವಾಸಿಗರಿಗೆ ಬಾಡಿಗೆ ಕೊಡುವಂಥದು, ಚಳಿಗಾಲವಿಡೀ ಖಾಲಿ. ಎರಡನೆಯದರ ಪರದೆ ಅಲುಗಿತು, ಬಾಗಿಲು ಅಲುಗಲಿಲ್ಲ. ಮೂರನೆಯದರ ಮಹಡಿಯ ಕಿಟಕಿಯಿಂದ ಒಬ್ಬ ಸಿಗರೇಟು ಹಿಡಿದು ಬಗ್ಗಿದ.

"ಏನಮ್ಮಾ, ಭಿಕ್ಷೆಗೆ ಹೊರಟ್ರಾ? ಅರ್ಥ ಆಗೋ ಭಾಷೇಲಿ ಕೇಳಿ, ಕೊಡ್ತೀನಿ."

"ಏನೂ ಬೇಡಪ್ಪಾ, ಕೊಡೋಕೆ ಬಂದಿರೋದು" ಎಂದರು ಬ್ಲಾನಿಡ್. "ಬೇಡಾಂದ್ರೆ ಕಿಟಕಿ ಮುಚ್ಕೋ, ಮಳೆ ಎರಚ್ತಿದೆ."

"ಸತ್ತೋಗಿರೋ ಭಾಷೆ ಅದು."

"ಹೌದಾ? ಹಾಗಾದ್ರೆ ನಿನ್ ನಿದ್ದೆ ಕೆಡಿಸಿದ್ ಯಾರು?"

ಕಿಟಕಿ ಮುಚ್ಚಿತು. ನಾವು ನಕ್ಕೆವು. ಆದರೆ ಒಂದು ಮಗು ಚಳಿಗೆ ಅಳಲು ಶುರುಮಾಡಿತ್ತು. ರೊವೆನಾ ನನ್ನ ಮುಖ ನೋಡಿದಳು. ಬ್ಲಾನಿಡ್ ಹುಲ್ಲಿನ ಕಟ್ಟನ್ನು ಎದೆಗೆ ಬಿಗಿಯಾಗಿ ಒತ್ತಿ ಹಿಡಿದಿದ್ದರು, ಅವರ ಕೂದಲಿನಿಂದ ನೀರು ಇಳಿಯುತ್ತಿತ್ತು. ಇನ್ನೊಂದೆರಡು ಬಾಗಿಲು ಹೀಗೇ ಮುಚ್ಚಿದ್ದರೆ ನಾವು ಒಬ್ಬೊಬ್ಬರಾಗಿ ಮನೆ ದಾರಿ ಹಿಡಿಯುತ್ತಿದ್ದೆವು. ಕೂಟ ಅಲ್ಲಿಗೇ ಮುಗಿಯುತ್ತಿತ್ತು, ಯಾರೂ ಮುಚ್ಚದೆಯೇ ಮುಚ್ಚಿಹೋಗುತ್ತಿತ್ತು. ಅದು ಬ್ಲಾನಿಡ್‌ಗೂ ಗೊತ್ತಿತ್ತು. ಮುಂದಿನ ಬಾಗಿಲಿಗೆ ಅವರು ಇನ್ನೂ ಜೋರಾಗಿ ಕರೆದರು.

ಅದು ಫ್ಯಾರಗರ್ ಅಜ್ಜಿಯ ಮನೆ. ಸರಪಳಿ ತೆಗೆಯುವುದಕ್ಕೆ ಅಜ್ಜಿಗೆ ಬಹಳ ಹೊತ್ತು ಹಿಡಿಯಿತು. ಮನೆ ಚಪ್ಪಲಿ, ಎರಡು ಸ್ವೆಟರ್, ತೊಂಬತ್ತರ ಹತ್ತಿರದ ವಯಸ್ಸು.

"ನಂಗೆ ಒಂದಕ್ಷರ ಬರಲ್ಲ ಬ್ಲಾನಿಡ್, ನಿಂಗೊತ್ತು" ಎಂದರು. ಆಮೇಲೆ ಹುಲ್ಲನ್ನು ನೋಡಿದರು. ಕೈ ಚಾಚಿ ಒಂದು ಎಳೆಯನ್ನು ಮುಟ್ಟಿದರು. "ಇದು ಗೊತ್ತು. ನಮ್ಮಮ್ಮ ಹಾಸ್ತಿದ್ಲು. ಆದ್ರೆ ಬ್ರೀಷಿ ರಾತ್ರಿ ಅಲ್ವಾ ಬರ್ಬೇಕಾದ್ದು?"

"ಬೇಗ ಹೊರಟ್ವಿ ಅಜ್ಜಿ. ಈ ಬೀದೀಲಿ ಗಾಡಿ ನಿಲ್ಸೋಕೆ ಜಾಗ ಹುಡುಕ್ಬೇಕಲ್ಲ."

"ಹಾಗಾದ್ರೆ ಒಳಗೆ ಬನ್ನಿ. ಶಾಖ ಎಲ್ಲಾ ಹೊರಗೆ ಹೋಗ್ತಿದೆ."

"ಬೂಟು ಬಿಚ್ಚಬೇಕಾ ಅಜ್ಜಿ?" ಎಂದೆ ನಾನು, ಕೆಸರು ನೋಡಿಕೊಂಡು.

"ಯಾರೇ ಹೇಳಿದ್ದು? ನೆಲ ಇರೋದೇ ತುಳಿಯೋಕೆ."

ಅಷ್ಟು ಜನ ಆ ಅಡುಗೆಮನೆಯಲ್ಲಿ ಹಿಡಿಸಿದ್ದು ಹೇಗೆ ಎಂದು ಈಗ ಯೋಚಿಸಿದರೂ ತಿಳಿಯುವುದಿಲ್ಲ. ಒಲೆಯ ಮುಂದೆ ಹುಲ್ಲು ಹಾಸಿದೆವು. ಬ್ರೀಷಿಗೆಂದು ಮಾಡಿದ ಹಾಸಿಗೆಯ ಮೇಲೆ ಮಕ್ಕಳೆಲ್ಲ ಮೊದಲು ಬಿದ್ದುಕೊಂಡರು. ಕಟ್ಟಳೆಯಂತೆ ಮಾತೆಲ್ಲ ಮ್ಯಾಂಕ್ಸಿಗೆ ತಿರುಗಿತು. ಆ ಮನೆಯ ಯಜಮಾನಿಗೇ ಅದು ಬರುವುದಿಲ್ಲ ಎಂದು ಹೊಳೆದು ನಾವು ಮುಜುಗರದಿಂದ ನಿಲ್ಲಿಸಿದರೆ, "ಯಾಕೆ ನಿಲ್ಸಿದ್ರಿ, ಆಡಿ, ರೇಡಿಯೋಗಿಂತ ಚೆನ್ನಾಗಿದೆ" ಎಂದು ಅಜ್ಜಿಯೇ ಗದರಿದರು. ಆಲಿನ್ ಅವರ ಸ್ವೆಟರ್ ಜಗ್ಗಿ "ಬಾನ್ಯ" ಎಂದಳು. ಅಜ್ಜಿ ನನ್ನ ಮುಖ ನೋಡಿದರು, ನಾನು ಹಾಲಿನ ಕಡೆ ಕೈ ತೋರಿಸಿದೆ. ಅವರು ಲೋಟಕ್ಕೆ ಹಾಲು ಬಗ್ಗಿಸಿ ಕೊಟ್ಟು, ಮುಂದಿನ ಮಗುವಿನ ಹತ್ತಿರ ಹೋಗಿ, "ನಿಂಗೂ ಬೇಕೇನೋ ಬಾನ್ಯ?" ಎಂದು ಕೇಳಿದರು.

ಬ್ಲಾನಿಡ್ ಸಿಂಕಿನ ಹತ್ತಿರ ಬೆನ್ನು ಹಾಕಿ ನಿಂತು ಲೋಟ ತೊಳೆಯುತ್ತಿದ್ದರು. ಆ ಲೋಟವನ್ನು ಬಹಳ ಹೊತ್ತು ತೊಳೆದರು. ತಿರುಗಿದಾಗ ಮುಖ ಎಂದಿನಂತೆಯೇ ಇತ್ತು.

"ಭವನ ಯಾರಿಗೆ ಬೇಕು?" ಎಂದರು. "ಈ ಭಾಷೆ ಯಾವತ್ತೂ ಭವನದಲ್ಲಿ ಹುಟ್ಟಿದ್ದಲ್ಲ. ಇಂಥ ಕಡೆ ಹುಟ್ಟಿದ್ದು. ಬುಧವಾರ ಯಾರ ಮನೆ?"

"ನಮ್ಮನೆ" ಎಂದಳು ರೊವೆನಾ. "ನೈಟ್ ಶಿಫ್ಟ್ ಮುಗಿಸಿ ಬಂದಿರ್ತೀನಿ. ನಾನು ಮೂಲೇಲಿ ಮಲಗಿದ್ರೆ ತುಳೀಬೇಡಿ."

"ಶುಕ್ರವಾರ ನಮ್ಮನೆ" ಎಂದೆ ನಾನು. ಹೇಳಿದ ಮೇಲೆ ನಮ್ಮ ಅಡುಗೆಮನೆ ನೆನಪಾಯಿತು, ಒಗೆಯದ ಬಟ್ಟೆಯ ರಾಶಿ ನೆನಪಾಯಿತು, ನನ್ನ ಅರೆಬರೆ ಮ್ಯಾಂಕ್ಸ್ ನೆನಪಾಯಿತು. ಅಷ್ಟರಲ್ಲಿ ಬ್ಲಾನಿಡ್ ತಲೆಯಾಡಿಸಿಯಾಗಿತ್ತು.

ಅವತ್ತು ಸಂಜೆ ಜುವಾನ್‌ಗೆ ಹೇಳಿದೆ.

"ಮನೆ ತುಂಬಾ ಮಕ್ಕಳಾ? ಶುಕ್ರವಾರ ನಂಗೆ ಕೆಲ್ಸ ತಡವಾಗಿ ಶುರು. ನಾನ್ ಎಲ್ಲಿ ತಿಂಡಿ ತಿನ್ಲಿ?"

"ಅಲ್ಲೇ ತಿನ್ನು. ಮ್ಯಾಂಕ್ಸಲ್ಲಿ ತಿನ್ನು."

"ಟೀ ಒಂದೇ ನಂಗೆ ಬರೋದು."

"ಟೀ ಕುಡಿ ಹಾಗಾದ್ರೆ."

ಹೀಗೆ ನಮ್ಮ ಕೂಟ ಬೀದಿಗೆ ಬಿತ್ತು, ಬೀದಿಯಿಂದ ಮನೆಗಳಿಗೆ ಹೋಯಿತು. ಓರಿ ಈಗ ಡಗ್ಲಸ್ಸಿನಲ್ಲಿ ಕೂದಲು ಕತ್ತರಿಸಿಕೊಳ್ಳುತ್ತಾರೆ. ಅಲ್ಲಿ ಚೆನ್ನಾಗಿ ಕತ್ತರಿಸುವುದಿಲ್ಲ ಎಂದು ಇಡೀ ಪೀಲ್‌ಗೆ ಕಾಣುತ್ತದೆ. "ಪಾಪ, ಬರ್ಲಿ ಅವನು" ಎನ್ನುತ್ತಾರೆ ಬ್ಲಾನಿಡ್. "ಬಂದ್ರೆ ನಾನ್ ಕೇಳೋ ಪ್ರಶ್ನೆಗೆ ಉತ್ತರ ತಂದಿರ್ಬೇಕು."

ನಮ್ಮ ಸರದಿಯ ಶುಕ್ರವಾರ ನಾನು ನಸುಕಿಗೇ ಎದ್ದು ಬೊನ್ನಾಗ್ ಬೇಯಿಸಿದೆ, ಬಟ್ಟೆ ರಾಶಿಯನ್ನು ಹಾಸಿಗೆಯ ಕೆಳಗೆ ತಳ್ಳಿದೆ, ಚಾಕುಗಳನ್ನೆಲ್ಲ ಮೇಲಿಟ್ಟೆ. ಮಕ್ಕಳು ಬಂದು ಒಂದು ಹಾಡು ಮುಗಿಯುವುದರೊಳಗೆ ಫೋನು ಬಂತು. ನಮ್ಮದು ಮಹಡಿಯ ಬಾಡಿಗೆ ಮನೆ. ಮಾಲೀಕರ ಏಜೆಂಟು. ಮಾತು ಕೇಳಿಸದೆ ಮೆಟ್ಟಿಲ ಕಡೆ ಬಂದು ನಿಂತೆ.

"ಮೇಡಂ, ಮೆಟ್ಟಿಲ ಮೇಲೆ ಮಕ್ಕಳ ಗಾಡಿ ಇಟ್ಟಿದೀರಂತೆ. ಕೆಳಗಿನ ಮನೆಯೋರು ಹೇಳಿದ್ರು. ಏನೋ ತರಗತಿ ನಡೆಸ್ತಿದೀರಾ?"

"ತರಗತಿ ಅಲ್ಲ. ಸ್ನೇಹಿತರು ಮಕ್ಕಳ ಜೊತೆ ಟೀಗೆ ಬಂದಿದಾರೆ."

"ಏನೋ ಬೇರೆ ಭಾಷೇಲಿ ಹಾಡ್ತಿದಾರೆ ಅಂದ್ರು."

"ಬೇರೆ ಭಾಷೆ ಅಲ್ಲ. ಇಲ್ಲಿದೇ."

"ನೋಡಿ ಮೇಡಂ, ಇದು ಪದೇ ಪದೇ ಆದ್ರೆ..."

ಮನೆ ಬಿಡಿಸಿದರೆ ಎಲ್ಲಿಗೆ ಹೋಗುವುದು ಎಂಬ ಯೋಚನೆ ಬಂತು. ಬಾಗಿಲ ಸಂದಿಯಿಂದ ಆಲಿನ್ ಕಾಣುತ್ತಿದ್ದಳು. ರೊವೆನಾಳ ಮಗನಿಂದ ಚಮಚ ಕಿತ್ತುಕೊಂಡು, ಅದು ತನ್ನದು ಎಂದು ಮ್ಯಾಂಕ್ಸಿನಲ್ಲಿ ಜಗಳ ಮಾಡುತ್ತಿದ್ದಳು. ಆ ವಾಕ್ಯವನ್ನು ನಾನು ಅವಳಿಗೆ ಕಲಿಸಿರಲಿಲ್ಲ.

"ಗಾಡಿಗಳನ್ನ ಈಗಲೇ ಎತ್ತಿಡ್ತೀನಿ" ಎಂದೆ. "ಅದು ಸರಿ, ಯಾರಾದ್ರೂ ಎಡವಿ ಬೀಳ್ತಾರೆ. ಹಾಡು ಎತ್ತಿಡೋಕಾಗಲ್ಲ. ಪದೇ ಪದೇ ಆಗತ್ತೆ. ನಮ್ಮ ಸರದಿ ಬಂದಾಗೆಲ್ಲ ಆಗತ್ತೆ. ನನ್ ಮನೆ ಅಡುಗೆಮನೇಲಿ ನನ್ ಮಗಳು ಯಾವ ಭಾಷೇಲಿ ಹಾಲು ಕೇಳ್ಬೇಕು ಅಂತ ಕರಾರಲ್ಲಿ ಬರೆದಿಲ್ಲ. ಬರೆದಿದ್ರೆ ತೋರ್ಸಿ."

ಅವರು ನೋಡಿ ಹೇಳುತ್ತೇನೆ ಎಂದು ಫೋನಿಟ್ಟರು. ಗಾಡಿಗಳನ್ನು ಒಂದೊಂದಾಗಿ ಒಳಗೆ ತಂದು ಮಲಗುವ ಕೋಣೆಯಲ್ಲಿ ಜೋಡಿಸಿದೆ. ಅಡುಗೆಮನೆಗೆ ಬಂದಾಗ ಬ್ಲಾನಿಡ್ ನೆಲದ ಮೇಲೆ ಕೂತು ಬೊನ್ನಾಗ್ ಹೋಳು ಮಾಡುತ್ತಿದ್ದರು. ಯಾರದು ಫೋನು ಎಂದರು. ಏಜೆಂಟರದು, ಹಾಡು ಕೆಳಗಿನವರಿಗೆ ಕೇಳಿಸುತ್ತದಂತೆ ಎಂದೆ.

"ಸರಿಯಾಗಿ ಕೇಳಿಸ್ತಿಲ್ಲ ಅನ್ಸತ್ತೆ" ಎಂದರು ಅವರು.

ಎದ್ದು ಹೋಗಿ ಕಿಟಕಿಯನ್ನು ಪೂರ್ತಿ ತೆರೆದರು. ಫೆಬ್ರವರಿಯ ಗಾಳಿ ಉಪ್ಪು ಹೊತ್ತು ಒಳಗೆ ನುಗ್ಗಿತು. ಮಕ್ಕಳು ಮೊದಲಿನಿಂದ ಶುರುಮಾಡಿದರು, ಈ ಸಲ ಹೊರಗೆ ಮುಖ ಮಾಡಿ. ನಾನು ಆಲಿನ್‌ಗೆ ಇನ್ನೊಂದು ಸ್ವೆಟರ್ ಹಾಕಿದೆ.